ಗಾಡಿ ಹುಟ್ಟಿದ ವರ್ಷ

ಈಚೀಚೆಗೆ ಯಾರಾದರೂ ವಯಸ್ಸು ಕೇಳಿದರೆ ನನಗೆ ಉತ್ತರಕ್ಕಿಂತ ಮೊದಲು ಆಕಳಿಕೆ ಬರುತ್ತದೆ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ನನ್ನ ಎತ್ತರವನ್ನು ಕಣ್ಣಳತೆಯಲ್ಲಿ ಅಳೆದು ದಯಪಾಲಿಸಿದ ಜನ್ಮದಿನವನ್ನೇ ಇಷ್ಟು ಕಾಲ ಶ್ರದ್ಧೆಯಿಂದ ಹೊತ್ತುಕೊಂಡು ಬಂದವನು ನಾನು. ನೀವೇ ಹೇಳಿ, ಇಂಥವನ ಪಾಲಿಗೆ ಒಂದು ಇಂಗ್ಲಿಷ್ ಕಾರಿನ ಜಾತಕ ಬರೆಯುವ ಕೆಲಸ ಬರಬಹುದೇ?

ಕಾರು ಭದ್ರಾವತಿಯ ನಮ್ಮ ಮಾವನವರದು. ಇಬ್ಬರೇ ಕೂರಬಹುದಾದ, ಬಟ್ಟೆಯ ಟಾಪಿನ, ರಸ್ತೆಯ ಪ್ರತಿ ಉಬ್ಬಿಗೂ ಹೊಟ್ಟೆ ತಾಗಿಸುವ ಸ್ಪೋರ್ಟ್ಸ್ ಕಾರು. ಶಿವಮೊಗ್ಗದಲ್ಲಿ ಹಳೇ ಕಾರುಗಳ ಮೆರವಣಿಗೆ; ತಯಾರಾದ ವರ್ಷಕ್ಕೆ ಪುರಾವೆಯಿಲ್ಲದಿದ್ದರೆ ಪ್ರವೇಶವಿಲ್ಲ. ಮಾವನವರ ಕಣ್ಣು ಮಂಜಾಗುತ್ತಿದೆ, ಮುಂದಿನ ವರ್ಷ ಸ್ಟೇರಿಂಗ್ ಮುಟ್ಟುವಂತಿಲ್ಲವೆಂದು ಡಾಕ್ಟರು ಹೇಳಿಯಾಗಿದೆ. ಅಷ್ಟರೊಳಗೆ ಒಮ್ಮೆ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಲ್ಲಿನ ಗಾಂಧಿ ಬಜಾರಿನಲ್ಲಿ ಮೆರೆಯಬೇಕೆಂಬುದು ಅವರ ಆಸೆ.

ಆರ್‌ಸಿಯಲ್ಲಿದ್ದದ್ದು ಇಲ್ಲಿ ನೋಂದಣಿಯಾದ ವರ್ಷ. ಅದೂ ಯಾರೋ ಹೆಡ್‌ಮಾಸ್ತರರ ಕೃತಿಯೇ. ಆ ಕಾಗದದಲ್ಲಿ ಚಾಸಿ ನಂಬರಿದ್ದ ಮಡಿಕೆ ಎಂದೋ ಹರಿದುಹೋಗಿತ್ತು. ಬಾಗಿಲ ಹಿಡಿಕೆ ಒಂದು ವರ್ಷ ಹೇಳಿದರೆ ಹಿಂದಿನ ದೀಪ ಇನ್ನೊಂದು ಹೇಳಿತು; ಗೇರ್‌ಬಾಕ್ಸಂತೂ ಬೇರಾವುದೋ ಗಾಡಿಯಿಂದ ಬಂದ ದತ್ತುಪುತ್ರ. ಆ ದೇಶದಲ್ಲಿ ಮುಂದಿನ ವರ್ಷದ ಮಾಡೆಲನ್ನು ಈ ವರ್ಷವೇ ಕಟ್ಟತೊಡಗುತ್ತಿದ್ದರು, ಚಾಸಿ ನಂಬರೊಂದೇ ಗತಿ ಎಂದು ಬಲ್ಲವರು ಫೋನಿನಲ್ಲಿ ಹೇಳಿದರು. ಚಿಂತೆಗೆ ಕಾರಣ ಹುಡುಕಿಕೊಂಡು ತಿರುಗುವ ನನಗೆ ಇಷ್ಟು ಧಾರಾಳವಾಯಿತು.

ಬಾನೆಟ್ ಎತ್ತಿ, ಆ ಚಾಸಿ ನಂಬರು ಒತ್ತಿದ ಹಿತ್ತಾಳೆ ತಗಡನ್ನು ಹುಡುಕಿದೆ. ಫಳಫಳ ಹೊಳೆಯುತ್ತಿತ್ತು. ನನ್ನ ದಣಿದ ಮುಖ ಕಂಡಿತು, ಅಂಕಿ ಕಾಣಲಿಲ್ಲ. ಪ್ರತಿ ಆಯುಧಪೂಜೆಯಲ್ಲಿ ವಿಭೂತಿ ಹಚ್ಚುವ ಮುನ್ನ ಅತ್ತೆಯವರು ಅದನ್ನು ದೇವರ ಪಾತ್ರೆಗಳಂತೆಯೇ ಹುಣಸೆಹಣ್ಣು, ಬೂದಿ ಹಾಕಿ ಬೆಳಗುತ್ತಿದ್ದರು. ಅವರ ಪ್ರಕಾರ ಅದು ಗಾಡಿಯ ಹಣೆ.

ಇದನ್ನು ಮಾವನವರಿಗೆ ಹೇಗೆ ತಿಳಿಸುವುದೆಂದು ನಾನು ಕೈ ಹೊಸಕಿಕೊಳ್ಳುತ್ತಿರುವಾಗ ಅತ್ತೆಯವರೇ ಮುಂದೆ ಬಂದರು.

“ಉಜ್ಜಿ ಉಜ್ಜಿ ನಾನೇ ಅಳಿಸಿಬಿಟ್ಟಿದೀನಿ ಕಣ್ರೀ.”

ಮಾವನವರು ತಗಡಿನ ಮೇಲೆ ಬಹಳ ಹೊತ್ತು ಬೆರಳಾಡಿಸಿದರು.

“ಮೆರವಣಿಗೆ ಹಾಳಾಗ್ಲಿ ಬಿಡಿ ಅಳಿಯಂದ್ರೆ,” ಎಂದರು. “ಏ ಮಾರಾಯ್ತಿ, ಸೀರೆ ಬದಲಾಯ್ಸು. ಕಣ್ಣಿರೋವಾಗ್ಲೇ ಹೋಗ್ಬರೋಣ.”

ಹೋದರು, ಆಟೋ, ಬಸ್ಸುಗಳ ನಡುವೆ. ಹಿಂದೆ ಸ್ಕೂಟರಿನಲ್ಲಿ ನಾನು, ಜೀವ ಕೈಯಲ್ಲಿ ಹಿಡಿದುಕೊಂಡು. ಗಾಂಧಿ ಬಜಾರಿನಲ್ಲಿ ಬಟ್ಟೆಯಂಗಡಿಯವರೊಬ್ಬರು ಕೆಳಗಿಳಿದು ಬಂದು, ಇದು ಯಾವ ವರ್ಷದ ಗಾಡಿ ಎಂದು ಕೇಳಿದರು. ಮಾವನವರು ಅತ್ತೆಯವರತ್ತ ಕೈ ತೋರಿಸಿದರು. ಅವರು ಸೆರಗು ಸರಿಮಾಡಿಕೊಂಡು, ಕೊಂಚವೂ ತಡವರಿಸದೆ ತಮ್ಮ ಮದುವೆಯ ವರ್ಷವನ್ನು ಹೇಳಿದರು.

ನನಗೆ ಆಕಳಿಕೆ ಬರಲಿಲ್ಲ.