ಹೆಣ ಬಿದ್ದ ಮೇಲೆ ಬಂದ ಬಾಲಚುಕ್ಕಿ

ಬಾಲಚುಕ್ಕಿ ಅಂದರೆ ಮಂಜುಗಡ್ಡೆ, ಧೂಳು ಸೇರಿದ ಉಂಡೆಯಂತೆ. ಸೂರ್ಯನ ಹತ್ತಿರ ಬಂದಾಗ ಕಾದು ಆವಿ ಬಿಡುತ್ತದೆ, ಅದೇ ಬಾಲವಾಗಿ ಕಾಣುತ್ತದೆ ಎಂದು ಭೀಮರಾಯನಗುಡಿಯಲ್ಲಿ ಓದುವ ಮೊಮ್ಮಗಳು ಹೇಳಿದಳು. ಇರಬಹುದು. ನಾನು ಕಂಡಾಗ ಅದು ಆಕಾಶಕ್ಕೆ ಒರಗಿಸಿಟ್ಟ ಕಸಬರಿಗೆಯ ಹಾಗಿತ್ತು. ಅದನ್ನು ನೋಡಿ ಜನ ಏನು ಮಾಡಿದರು ಎಂಬುದನ್ನೂ ಕಂಡಿದ್ದೇನೆ.

ನಿಜಾಮನ ರಾಜ್ಯ ಮುಗಿದ ವರ್ಷ. ನಾವು ಕುರಿ ಕಾಯುವವರು, ದೋರನಹಳ್ಳಿಯ ಆಚೆ ಸಣ್ಣದೊಂದು ಊರು. ಬೇಸಿಗೆಯಲ್ಲಿ ನಿಜಾಮನ ಕಡೆಯ ಬಂದೂಕಿನವರು ಕುರಿ ಹೊಡೆದುಕೊಂಡು ಹೋಗಲು ಬಂದರು. ನನ್ನ ಗಂಡ ಅಡ್ಡ ನಿಂತ. ತಲೆ ಒಡೆದರು. ಸುರಪುರದ ದಾರಿಯಲ್ಲಿ ಬಿದ್ದಿದ್ದ ಹೆಣವನ್ನು ಕಂಬಳಿಯಲ್ಲಿ ಸುತ್ತಿ ತಂದೆವು. ನಾನಾಗ ಬಸುರಿ.

ಮಳೆಗಾಲದ ಕೊನೆಗೆ ಯಾದಗಿರಿಗೆ ದಿಲ್ಲಿಯ ದಂಡು ಬಂತು. ಬಂದೂಕಿನವರು ಓಡಿಹೋದರು ಎಂದು ಗೊತ್ತಾದ ಕೂಡಲೇ ನಮ್ಮವರು ಕೊಡಲಿ ಹಿಡಿದರು. ಊರಿಗೆಲ್ಲ ಗಾದಿಯ ಹತ್ತಿ ಹಿಂಜಿ ಕೊಡುತ್ತಿದ್ದ ಪಿಂಜಾರನನ್ನು ಅವನ ಬಾಗಿಲಲ್ಲೇ ಕಡಿದರು. ಬಂದೂಕಿನವರ ಹಾಗೆ ಅವನೂ ಸಾಬ ಎಂಬುದಷ್ಟೇ ಕಾರಣ. ಅವನು ಯಾರ ಕುರಿಯನ್ನೂ ಮುಟ್ಟಿದವನಲ್ಲ. ಅವನ ಹೆಂಡತಿ ಬಾವಿಗೆ ಹಾರಿದಳು.

ಇಷ್ಟೆಲ್ಲ ಆದ ಮೇಲೆ ಚುಕ್ಕಿ ಬಂತು. ಚಳಿ ಬಿದ್ದಿತ್ತು, ಜೋಳ ಮೊಣಕಾಲೆತ್ತರ ಇತ್ತು. ನಸುಕಿನಲ್ಲಿ ಎದ್ದವರು ಮೂಡಣದಲ್ಲಿ ಕಂಡರು. ಊರಿಗೇ ಸಮಾಧಾನವಾಯಿತು. ಪಿಂಜಾರನನ್ನು ಕಡಿದವನೇ ಕಟ್ಟೆಯ ಮೇಲೆ ಕೂತು, "ಎಲ್ಲಾ ಇದರದಽ ಕೆಲಸ ನೋಡ್ರಿ. ನಮ್ಮ ಕೈಯಾಗ ಏನೈತಿ?" ಎಂದ. ಕೊಡಲಿ ಅವನ ಹೆಗಲ ಮೇಲೇ ಇತ್ತು.

ಅದೇ ವಾರ ನನಗೆ ಹೆಣ್ಣು ಹುಟ್ಟಿತು. ಅತ್ತೆ ಕೂಸಿನ ಮುಖ ನೋಡಲಿಲ್ಲ. ಕುರಿಗೆ ರೋಗ ಬಂದರೆ ಕಬ್ಬಿಣ ಕಾಸಿ ಬರೆ ಹಾಕುವುದು ನಮ್ಮಲ್ಲಿ ರೂಢಿ, ಹೊಟ್ಟೆ ಉಬ್ಬಿದ ಕೂಸಿಗೂ ಹಾಕುತ್ತಾರೆ. ಚುಕ್ಕಿ ಮೂಡಿದಾಗ ಹುಟ್ಟಿದ ಕೂಸಿಗೆ ನೆತ್ತಿಯ ಮೇಲೆ ಬರೆ ಎಳೆಯಬೇಕು, ಇಲ್ಲದಿದ್ದರೆ ಮನೆಯಲ್ಲಿ ಉಳಿದ ಗಂಡಸೂ ಸಾಯುತ್ತಾನೆ ಎಂದು ಅತ್ತೆ ಹಟ ಹಿಡಿದಳು. ಉಳಿದ ಗಂಡಸು ಅಂದರೆ ಮಾವ. ಹಸುಗೂಸಿನ ನೆತ್ತಿ ಬೆಣ್ಣೆಯಷ್ಟು ಮೆತ್ತಗೆ. ಬರೆ ಬಿದ್ದರೆ ಅದು ಬದುಕುವುದಿಲ್ಲ ಎಂದು ಆಕೆಗೂ ಗೊತ್ತಿತ್ತು.

ಒಲೆಯಲ್ಲಿ ಕುಡಗೋಲು ಕೆಂಪಗೆ ಕಾದಿತ್ತು.

"ಕೂಸಿನ ಕೊಡ ಇಲ್ಲಿ," ಎಂದಳು.

"ಕೊಡಂಗಿಲ್ಲ."

"ನನ್ನ ಮಗನ್ನ ತಿಂದೈತಿ ಇದು. ಇನ್ನ ಮುದುಕನ್ನೂ ತಿಂತೈತಿ."

"ನಿನ್ನ ಮಗ ಸತ್ತದ್ದು ಬ್ಯಾಸಗ್ಯಾಗ. ಚುಕ್ಕಿ ಮೂಡಿದ್ದು ಈಗ. ನಾಳೆ ಬರೋ ತೋಳ ನಿನ್ನಿ ಕುರಿ ಹ್ಯಾಂಗ ತಿಂತೈತಿ, ಅತ್ತೀ?"

ಮಾವ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ. "ಖರೇ ಐತಿ ಆಕಿ ಮಾತು," ಎಂದ.

"ನೀ ಸುಮ್ಮಕ ಕುಂದರು. ನಿನ್ನ ಜೀವಕ್ಕಽ ಬಡಕೊಳ್ಳಾಕತ್ತೇನಿ."

"ನನ್ನ ಜೀವಾ? ಬಾಯಾಗ ಒಂದು ಹಲ್ಲಿಲ್ಲ. ಈ ಮುದಿ ಜೀವ ಉಳಸಾಕ ಕೂಸಿನ ಸುಡತಿ ಏನು?"

ಅಂದ, ಆದರೆ ಎದ್ದು ಬರಲಿಲ್ಲ. ಅತ್ತೆ ಕುಡಗೋಲು ಎತ್ತಿಕೊಂಡು ಬಂದು, ಇನ್ನೊಂದು ಕೈಯಿಂದ ನನ್ನ ಮಡಿಲಲ್ಲಿದ್ದ ಕೂಸಿನ ತಲೆ ಒತ್ತಿ ಹಿಡಿದಳು. ಖಾರ ಅರೆಯುವ ಗುಂಡುಕಲ್ಲು ನನ್ನ ಕೈಗೆ ಸಿಕ್ಕಿತು. ಕುಡಗೋಲು ಹಿಡಿದ ಆಕೆಯ ಮುಂಗೈಗೆ ಹೊಡೆದೆ. ಎಲುಬು ಮುರಿದ ಸದ್ದು ಕೇಳಿಸಿತು. ಕುಡಗೋಲು ನನ್ನ ತೊಡೆಯ ಮೇಲೆ ಬಿದ್ದು ಸೀರೆ ಸುಟ್ಟಿತು, ಚರ್ಮ ಸುಟ್ಟಿತು. ಕೂಸನ್ನು ನಾನು ಬಿಡಲಿಲ್ಲ.

ಕೈ ಕೂಡುವ ತನಕ ಅತ್ತೆಗೆ ನಾನೇ ರೊಟ್ಟಿ ಮುರಿದು ಉಣಿಸಿದೆ. ಬೈಯುತ್ತಲೇ ಉಂಡಳು. ಅಷ್ಟರಲ್ಲಿ ಚುಕ್ಕಿ ಕಾಣದಾಯಿತು. ಮಾವ ಸಾಯಲಿಲ್ಲ. ಆದರೂ ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಕುರಿ ಕಾಯ್ದೆ, ಮನೆಯಲ್ಲಿ ಬಿಡಲಿಲ್ಲ. ಅದು ಹೆಜ್ಜೆ ಕಲಿತ ದಿನ ಮೊದಲು ನಡೆದದ್ದು ಅತ್ತೆಯ ಕಡೆಗೆ. ಆಕೆ ಎರಡೂ ಕೈ ಚಾಚಿದಳು. ನಾನು ಎದ್ದು ಹೋಗಿ ಕೂಸನ್ನು ಎತ್ತಿಕೊಂಡು ಬಂದೆ.