ಅಂಬಾಸಿಡರಿನ ಮುಂದಿನ ಸೀಟು

ದೆವ್ವ ಗಿವ್ವ ಎಂದವರನ್ನು ಮುಖದ ಮೇಲೇ ನಕ್ಕು ಕಳಿಸುತ್ತಿದ್ದವನು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನಾಲ್ಕು ವರ್ಷದ ಹಿಂದೆ ನನ್ನದೇ ಶೆಡ್ಡಿನಲ್ಲಿ ನಡೆದದ್ದನ್ನು ಯಾರ ಮುಂದೆಯೂ ಬಾಯಿಬಿಟ್ಟಿಲ್ಲ. ಹೇಳಹೊರಟರೆ ಮೊದಲು ನನ್ನ ತಪ್ಪನ್ನೇ ಹೇಳಬೇಕಾಗುತ್ತದೆ.

ರಾಯದುರ್ಗದಲ್ಲಿ ಅರ್ಧ ಊರು ಜೀನ್ಸ್ ಹೊಲಿಯುತ್ತದೆ, ನಾನು ಹಳೇ ಕಾರುಗಳ ಸೀಟು ಹೊಲಿಯುತ್ತೇನೆ. ಮಡಕಶಿರಾದ ರಿಟೈರ್ಡ್ ಟೀಚರಮ್ಮ ಒಬ್ಬರು ತಾವೇ ಓಡಿಸಿಕೊಂಡು ಒಂದು ಅಂಬಾಸಿಡರ್ ತಂದರು. ಬಹಳ ಹಳೆಯ ಮಾಡಲ್ಲು. ಗೇರು ಸ್ಟೀರಿಂಗಿನ ಪಕ್ಕದಲ್ಲೇ, ಮುಂದಿನ ಸೀಟು ಎರಡು ಹೋಳಾಗದೆ ಜಗಲಿಯ ಹಾಗೆ ಒಂದೇ ಉದ್ದ. ಅನಂತಪುರದಲ್ಲಿ ಹಳೇ ಕಾರುಗಳ ಮೇಳ ಇದೆಯಂತೆ, ಅಲ್ಲಿಗೆ ಒಯ್ಯಬೇಕಂತೆ. ಡ್ರೈವರ್ ಕೂರುವ ಜಾಗ ಮಾತ್ರ ತಗ್ಗು ಬಿದ್ದಿತ್ತು.

"ಮೇಲಿನ ಬಟ್ಟೆ ಬದಲಾಯ್ಸು ಸಾಕು ಕಣಪ್ಪ, ಒಳಗಿಂದು ಮುಟ್ಬೇಡ," ಎಂದರು. "ನಮ್ಮ ಯಜಮಾನ್ರು ಕೂತೂ ಕೂತೂ ಬಿದ್ದಿರೋ ತಗ್ಗು ಅದು. ಅದ್ರಾಗೆ ಕೂತ್ರೇನೆ ನಂಗೆ ಕೈ ನಡುಗಲ್ಲ."

ಯಜಮಾನರು ತೀರಿಹೋದ ಮೇಲೆ, ಅರವತ್ತು ದಾಟಿ ಕಾರು ಕಲಿತ ಹೆಂಗಸು. ಆತ್ರೀ ಅಮ್ಮಾ ಅಂತ ಮಾತು ಕೊಟ್ಟೆ.

ಬಟ್ಟೆ ಬಿಚ್ಚಿದೊಡನೆ ಬುದ್ಧಿ ಕೆಟ್ಟಿತು. ನನ್ನ ಕೈಯಿಂದ ಹೋದ ಸೀಟು ತಗ್ಗಾಗಿದ್ದರೆ ಮೇಳದಲ್ಲಿ ನಾಲ್ಕು ಜನ ಏನಂದಾರು ಅನ್ನುವ ಹಮ್ಮು. ಹಳೇ ತೆಂಗಿನ ನಾರನ್ನೆಲ್ಲ ಕಿತ್ತು, ಸ್ಪ್ರಿಂಗ್ ಬದಲಾಯಿಸಿ, ಹೊಸ ಫೋಮು ತುಂಬಿದೆ. ಆ ನಾರನ್ನು ಹಂಡೆಯ ಒಲೆಗೆ ಹಾಕಿ ಸ್ನಾನಕ್ಕೆ ನೀರು ಕಾಸಿಕೊಂಡೆ. ಥೂ, ಬರೆಯುವಾಗಲೂ ನಾಚಿಕೆಯಾಗುತ್ತದೆ. ಮುದುಕಿಗೆ ಏನು ತಿಳಿದೀತು ಅಂದುಕೊಂಡಿದ್ದೆ.

ಗಜಕೋಲಿಟ್ಟು ನೋಡಿದೆ, ಸೀಟು ಸಮ ಇತ್ತು. ಶೆಡ್ಡಿಗೆ ಬೀಗ ಹಾಕಿ ಊಟಕ್ಕೆ ಹೋದೆ. ಬಂದು ನೋಡಿದರೆ ಬಲಗಡೆ ತಗ್ಗು. ಅದೇ ಜಾಗ, ಅದೇ ಅಗಲ, ಬಾಗಿಲ ಕಡೆ ತುಸು ಹೆಚ್ಚು ಆಳ. ಬೀಗದ ಕೈ ನನ್ನ ಉಡದಾರದಲ್ಲೇ ಇತ್ತು. ಹೊಲಿಗೆ ಬಿಚ್ಚಿದೆ. ಸ್ಪ್ರಿಂಗ್ ನೆಟ್ಟಗಿದೆ, ಫೋಮು ಹರಿದಿಲ್ಲ. ಬೇರೆ ಫೋಮು ಹಾಕಿ ಹೊಲಿದೆ. ಹಾಡುಹಗಲು, ನನ್ನ ಕಣ್ಣೆದುರೇ, ಯಾರೋ ನಿಧಾನಕ್ಕೆ ಕೂತ ಹಾಗೆ ಅದೂ ಇಳಿಯಿತು. ಸೂಜಿದಾರ ಅಲ್ಲೇ ಬಿಟ್ಟು ಹೊರಗೆ ಬಂದೆ.

ಮರುದಿನ ಟೀಚರಮ್ಮ ಬಂದರು. ತಪ್ಪೊಪ್ಪಿಕೊಳ್ಳಬೇಕೆಂದೇ ಕಾದು ನಿಂತಿದ್ದೆ. ಅವರು ಒಳಗೆ ಕೂತು, ಸ್ವಲ್ಪ ಸರಿದು, ಸ್ಟೀರಿಂಗ್ ಹಿಡಿದರು. ಕೈ ನಡುಗಲಿಲ್ಲ.

"ಮಾತು ಉಳಿಸ್ಕಂಡೆ ಕಣಪ್ಪ," ಎಂದರು.

"ಹೌದ್ರಿ ಅಮ್ಮಾ," ಅಂದುಬಿಟ್ಟೆ. ಮಾತು ಆಡಿದರೆ ಹೋಯ್ತು ಅಂತಾರಲ್ಲ, ಹಾಗಾಯಿತು.

ಈಗಲೂ ಪ್ರತಿ ಯುಗಾದಿಗೆ ಫೋನು ಮಾಡಿ, ನಿನ್ನಂಥವರು ಅಪರೂಪ ಅನ್ನುತ್ತಾರೆ. ಈ ಸಲ ಹೇಳಿಬಿಡೋಣ ಅಂತ ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಆ ತಗ್ಗು ಹೇಗೆ ಬಂತೋ ನನಗೆ ಗೊತ್ತಿಲ್ಲ. ನಿಜ ಹೇಳಿದರೆ ಅದು ಹೋಗಿಬಿಟ್ಟೀತು, ಆಕೆಯ ಕೈ ಮತ್ತೆ ನಡುಗೀತು ಅಂತ ಭಯ. ಈ ಭಯವೂ ನಾನೇ ಕಟ್ಟಿಕೊಂಡ ನೆಪವೋ ಏನೋ.