ಎಂಟು ತಾಸಿನ ಗಾಳಿ

ಡೊಂಬಿವಲಿಯಲ್ಲಿ ಯಂಕಪ್ಪನಿಗೆ ವಾಸಕ್ಕೆಂದು ಸಿಕ್ಕಿದ್ದು ಹೆಚ್ಚಾಗಿ ವಾಸನೆಯೇ. ಒಂದೇ ಕೋಣೆ, ಅದರ ಹಿಂಗೋಡೆಗೆ ಅಂಟಿಕೊಂಡು ಬಣ್ಣಕ್ಕೆ ಬೆರೆಸುವ ಥಿನ್ನರಿನ ಕಂಪನಿ. ಲಿಂಗಸೂಗೂರು ಕಡೆಯಿಂದ ಬಂದವನು ಹತ್ತೊಂಬತ್ತು ವರ್ಷ ಆ ಕಂಪನಿಯ ಶೆಡ್ಡಿನಲ್ಲೇ ಡ್ರಮ್ಮು ತುಂಬಿದ್ದ. ಹೆಂಡತಿ ಸಾಬವ್ವ ಪಕ್ಕದಲ್ಲೇ ಕೂತು ಡ್ರಮ್ಮು ಒರೆಸುತ್ತಿದ್ದಳು.

ಎರಡು ವರ್ಷದಿಂದ ಸಾಬವ್ವನಿಗೆ ತಲೆಸುತ್ತು, ಒಸಡಿನಲ್ಲಿ ರಕ್ತ, ಏಟು ಬೀಳದೆಯೇ ಮೈಮೇಲೆ ನೀಲಿ ಕಲೆ. ದವಾಖಾನೆಯ ಡಾಕ್ಟರು ಆ ಶೆಡ್ಡು ಬಿಡಿಸಪ್ಪಾ ಎಂದರು. ಬಿಡಿಸಿದರೆ ಇಬ್ಬರ ದುಡಿಮೆಯಲ್ಲಿ ಒಂದು ಹೋಗುತ್ತದೆ. ಹಾಗಾಗಿ ಅವಳನ್ನು ಬಾಗಿಲ ಹತ್ತಿರ ಕೂರಿಸಿ, ಆವಿಯನ್ನು ಹೊರಗೆಳೆದು ಹಾಕುವ ದೊಡ್ಡ ಫ್ಯಾನೊಂದನ್ನು ಕೇಳುತ್ತ ಬಂದ. ಮ್ಯಾನೇಜರು ಅದನ್ನೆಲ್ಲ ಗಾಳಿಮಾತು ಎಂದು ತಳ್ಳಿಹಾಕುತ್ತಿದ್ದ.

ಅರ್ಜಿಯ ಮೇಲೆ ಅರ್ಜಿ ಹೋದ ಮೇಲೆ, ಗಾಳಿ ಅಳೆಯಲು ಸಾನಪಾಡಾದ ಲ್ಯಾಬಿನಿಂದ ನಿಶ್ಮಿತಾ ಬಂದಳು. ಉಡುಪಿ ಕಡೆಯ ಮನೆತನ. ಅವಳ ಕನ್ನಡ ಕೇಳಿಯೇ ಯಂಕಪ್ಪನಿಗೆ ಅರ್ಧ ಫ್ಯಾನು ತಿರುಗಿದಂತಾಯಿತು. ಅವನ ಕಾಲರಿಗೆ ಪುಟ್ಟ ಬಿಲ್ಲೆಯೊಂದನ್ನು ಸಿಕ್ಕಿಸಿ, ಇದು ದಿನವಿಡೀ ನಿಮ್ಮ ಜೊತೆ ಉಸಿರಾಡುತ್ತದೆ, ಸಂಜೆ ಆಫೀಸಿನಲ್ಲಿ ಕೊಡಿ ಎಂದಳು. ಅದು ಕುಡಿದ ವಿಷ ಮಿತಿ ದಾಟಿದ್ದರೆ ಕಂಪನಿ ಫ್ಯಾನು ಹಾಕಲೇಬೇಕು.

ಮಿತಿ ಯಾರು ಇಟ್ಟದ್ದೆಂದು ಕೇಳಿದ. ಅದಕ್ಕೊಂದು ಸಮಿತಿ ಇದೆಯಂತೆ. ದಿನಕ್ಕೆ ಎಂಟು ತಾಸು, ವಾರಕ್ಕೆ ಐದು ದಿನ, ಹೀಗೆ ಒಂದು ಆಯುಷ್ಯದ ದುಡಿಮೆ ಮುಗಿಸಿದರೂ ಹೆಚ್ಚಿನವರಿಗೆ ಏನೂ ಆಗಬಾರದು, ಅಷ್ಟಕ್ಕೆ ಗೆರೆ ಎಳೆದಿದ್ದಾರೆ. ಮಿಕ್ಕ ಹದಿನಾರು ತಾಸು ಮನೆಯ ಒಳ್ಳೆ ಗಾಳಿಯಲ್ಲಿ ಮೈ ಚೇತರಿಸಿಕೊಳ್ಳುತ್ತದೆಂಬ ನಂಬಿಕೆಯೂ ಅದರಲ್ಲಿ ಸೇರಿದೆ. ಯಂಕಪ್ಪ ತನ್ನ ಹನ್ನೆರಡು ತಾಸಿನ ಪಾಳಿಯನ್ನೂ ಮನೆಯ ಹಿಂಗೋಡೆಯನ್ನೂ ನೆನೆದು, ಸಮಿತಿಯವರು ಒಳ್ಳೆ ಊರಿನವರಿರಬೇಕು ಎಂದ.

ನಿಶ್ಮಿತಾ ಅತ್ತ ಹೋದಳು, ಸಾಬವ್ವ ಇತ್ತ ಬಂದಳು. ಅವಳ ಸಂಸಾರದಲ್ಲಿ ಬೆಲೆಯುಳ್ಳ ಯಾವುದೂ ಬರಿಮೈಯಲ್ಲಿ ಇರುವುದಿಲ್ಲ. ಟಿವಿ ರಿಮೋಟು, ರೇಷನ್ ಕಾರ್ಡು, ಮಗಳು ಜ್ಯೋತಿಯ ಮಾರ್ಕ್ಸ್‌ಕಾರ್ಡು, ಎಲ್ಲಕ್ಕೂ ಪ್ಲಾಸ್ಟಿಕ್ ಅಂಗಿ. ಥಿನ್ನರ್ ಸಿಡಿದು ಬಿಲ್ಲೆ ಹೊಲಸಾದರೆ ಫ್ಯಾನು ತಪ್ಪೀತೆಂದು ಹೆದರಿ, ತೊಳೆದಿಟ್ಟ ಹಾಲಿನ ಕವರಿನ ತುಂಡು ಹೊದಿಸಿ ದಾರದಿಂದ ಬಿಗಿದಳು. ಯಂಕಪ್ಪ ಕತ್ತೆತ್ತಿ ಕೊಟ್ಟ. ಸಂಜೆ ಕವರು ಬಿಚ್ಚಿ, ಫಳಫಳಿಸುವ ಬಿಲ್ಲೆಯನ್ನು ಹೆಮ್ಮೆಯಿಂದ ಒಪ್ಪಿಸಿದ.

ಹದಿನೈದು ದಿನಕ್ಕೆ ರಿಪೋರ್ಟು ಬಂತು: ವಿಷ ಪತ್ತೆಯಿಲ್ಲ. ಮ್ಯಾನೇಜರು ಅದಕ್ಕೆ ಲ್ಯಾಮಿನೇಶನ್ ಮಾಡಿಸಿ ಶೆಡ್ಡಿನ ಬಾಗಿಲಿಗೆ ತೂಗುಹಾಕಿದ. ಅದರ ಕೆಳಗೆ ಸಾಬವ್ವ ಬಾಯಿ ಮುಕ್ಕಳಿಸಿ ಕೆಂಪಗೆ ಉಗುಳುತ್ತಿದ್ದಳು.

ಯಂಕಪ್ಪ ನಿಶ್ಮಿತಾಗೆ ಫೋನು ಹಚ್ಚಿ, ಎಷ್ಟು ಜತನ ಮಾಡಿದ್ದೆವೆಂಬುದನ್ನೂ ಹೇಳಿಕೊಂಡ.

“ಬಿಲ್ಲೆಗೆ ಉಸಿರು ಕಟ್ಟಿಸಿಬಿಟ್ರಲ್ಲ ಮಾರಾಯ್ರೆ,” ಎಂದಳು ನಿಶ್ಮಿತಾ. “ಕವರು ಹಾಕಿದ್ದು ಹೌದು ಅಂತ ಬಿಲ್ಲೆ ತೊಟ್ಟ ನೀವೇ ಬರೆದು ಸಹಿ ಮಾಡಿ ಕೊಡ್ಬೇಕು. ಇದನ್ನು ರದ್ದು ಮಾಡಿ ಇನ್ನೊಂದು ಬಿಲ್ಲೆ ಹಾಕ್ಲಿಕ್ಕಾಗ್ತದೆ. ಆದ್ರೆ ಕಂಪನಿಯವರು ನಿಮ್ಮನ್ನು ಇಟ್ಟುಕೊಳ್ಳುದಿಲ್ಲ.”

ಅವನು ಬರೆಯಲು ಕೂತಾಗ ಸಾಬವ್ವ ಪೆನ್ನು ಹಿಡಿದುಕೊಂಡಳು. “ಹಾಕಿದಾಕಿ ನಾನು, ಜ್ಯೋತಿ ಅಪ್ಪಾ. ನನ್ನ ಹೆಸ್ರು ಬರಿ.”

“ಸಹಿ ನಂದಾ ಬೇಕಂತ. ನಿನ್ನೂ ತೆಗದು ಹಾಕಿದ್ರ ಇನ್ನೊಂದು ಅರ್ಜಿ ಹಾಕ್ಬೇಕು, ಊಟಕ್ಕ,” ಎಂದ. ಅವಳು ನಗಲಿಲ್ಲ. ಅವನು ತನ್ನ ಹೆಸರನ್ನೇ ಬರೆದ.

ಪರೀಕ್ಷೆ ಕೆಡಿಸಿದನೆಂದು ಅವನನ್ನು ಮರುದಿನವೇ ತೆಗೆದರು. ವಾರದ ಮೇಲೆ ನಿಶ್ಮಿತಾ ಎರಡನೇ ಬಿಲ್ಲೆ ತಂದು, ಗೇಟಿನ ಮುಂದೆ ಸಾಬವ್ವನ ಸೆರಗಿಗೆ ಸಿಕ್ಕಿಸಿ ಒಳಗೆ ನಡೆದಳು. ಯಂಕಪ್ಪನನ್ನು ವಾಚ್‌ಮನ್ ಗೇಟಿನಾಚೆ ತಡೆದ. ಗೆರೆಗಿಂತ ಕೂದಲಷ್ಟು ಕಡಿಮೆ ಬಂದರೂ ಫ್ಯಾನಿಲ್ಲ, ಮತ್ತೊಂದು ಬಿಲ್ಲೆಯಂತೂ ಇಲ್ಲವೇ ಇಲ್ಲ.

ಅವನು ಹೆಂಡತಿಯನ್ನು ಪಕ್ಕಕ್ಕೆ ಕರೆದ.

“ಇವತ್ತೊಂದಿನ ಬಾಗಲ ಹತ್ರ ಕೂಡಬ್ಯಾಡ,” ಎಂದ. “ಡ್ರಮ್ಮಿನ ಬಾಯಿಗೇ ಬಗ್ಗಿ ನಿಂದ್ರು.”

ಸಾಬವ್ವ ಹೂಂ ಎಂದಳು. ಸೆರಗನ್ನು ಮೂಗಿನಿಂದ ಕೆಳಗಿಳಿಸಿಕೊಂಡು ಒಳಗೆ ಹೋದಳು.